ಗಾವುಂಡರು ಕಟ್ಟಿಸಿದ ಜಿನಾಲಯ

ಜೈನ ಯಾತ್ರೆ ಎಂದರೆ ಶ್ರವಣಬೆಳಗೊಳ, ಮೂಡುಬಿದಿರೆ, ಹುಂಚ, ಕೊಪ್ಪಳ ಎಂದು ಹೆಸರು ಹೇಳುತ್ತಾ ಹೋಗುವವರ ಬಾಯಿಗೆ ಆಡೂರು ಬರುವುದಿಲ್ಲ. ಹಾನಗಲ್ಲಿನ ಪೂರ್ವಕ್ಕೆ ಹದಿನಾರು ಕಿಲೋಮೀಟರ್ ಆಚೆಗಿರುವ ಈ ಊರು ಹಾವೇರಿ ಜಿಲ್ಲೆಯ ಹತ್ತಾರು ಕೃಷಿ ಗ್ರಾಮಗಳಲ್ಲಿ ಒಂದು. ಆದರೆ ಒಂದು ಹಳ್ಳಿಯ ಬಸದಿ ಹೇಗೆ ನಡೆಯುತ್ತಿತ್ತು, ಅದರ ಎಣ್ಣೆಬತ್ತಿಗೆ, ಅಕ್ಕಿಬೇಳೆಗೆ ಯಾರು ದಾರಿ ಮಾಡಿದ್ದರು ಎಂದು ತಿಳಿಯಬೇಕಾದವರು ಈ ಊರಿನ ಶಾಸನವನ್ನು ದಾಟಿ ಮುಂದೆ ಹೋಗುವಂತಿಲ್ಲ.

ಶಾಸನವನ್ನು ಮೊದಲು ಓದಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್, 1882ರಲ್ಲಿ, 'ಇಂಡಿಯನ್ ಆಂಟಿಕ್ವರಿ'ಯಲ್ಲಿ. ಅದರಲ್ಲಿ ಬರುವ ಕೀರ್ತಿವರ್ಮನನ್ನು ಮೊದಲು ಆರನೆಯ ಶತಮಾನದ ಒಂದನೆಯ ಕೀರ್ತಿವರ್ಮನೆಂದು ಎಣಿಸಿದ್ದುಂಟು. ಅಕ್ಷರಗಳ ರೂಪ ನೋಡಿದ ಮೇಲೆ ಆತ ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನೇ ಎಂಬುದು ನೆಲೆಗೊಂಡಿತು. ಹಾಗಾಗಿ ಶಾಸನದ ಕಾಲ ಎಂಟನೆಯ ಶತಮಾನದ ನಡುಭಾಗ. ರಾಷ್ಟ್ರಕೂಟ ದಂತಿದುರ್ಗ ಚಾಲುಕ್ಯರ ಬುಡ ಅಲುಗಿಸುತ್ತಿದ್ದ ದಿನಗಳವು.

ಕಲ್ಲಿನ ಮೇಲೆ ಎರಡು ದಾನಗಳಿವೆ, ಎರಡು ಭಾಷೆಗಳಲ್ಲಿ. ಸಂಸ್ಕೃತದ ಭಾಗ ಊರ ಮುಖ್ಯಸ್ಥನಾದ ಗಾವುಂಡನೊಬ್ಬ ಕಟ್ಟಿಸಿದ ಜಿನಾಲಯದ ದಾನಶಾಲೆ ಮೊದಲಾದವಕ್ಕೆ ಇಪ್ಪತ್ತೈದು ನಿವರ್ತನ ಹೊಲ ಬಿಟ್ಟದ್ದನ್ನು ಹೇಳುತ್ತದೆ. ಕನ್ನಡದ ಭಾಗ ಇನ್ನೂ ನೇರ. ಕೀರ್ತಿವರ್ಮ ಆಳುತ್ತಿದ್ದಾನೆ, ಸಿಂದರಸ ಪಾಂಡೀಪುರದಲ್ಲಿ ಅಧಿಕಾರ ನಡೆಸುತ್ತಿದ್ದಾನೆ. ದೋಣಗಾವುಂಡ, ಎಳಗಾವುಂಡ ಮೊದಲಾದವರು ಮಾಧವತ್ತಿ ಅರಸನ ಒಪ್ಪಿಗೆ ಪಡೆದು ಜಿನೇಂದ್ರ ಭವನಕ್ಕೆ ಕರ್ಮಗಲೂರಿನ ಪಶ್ಚಿಮದಲ್ಲಿ ರಾಜಮಾನದ ಅಳತೆಯಲ್ಲಿ ಎಂಟು ಮತ್ತರು ಗದ್ದೆ ಕೊಟ್ಟಿದ್ದಾರೆ. ದಾನ ಸ್ವೀಕರಿಸಿದವನು ಪ್ರಭಾಚಂದ್ರನೆಂಬ ಗುರು. ಗದ್ದೆಯ ಹುಟ್ಟುವಳಿ ನೈವೇದ್ಯ, ಅಕ್ಷತೆ, ಗಂಧ, ಪುಷ್ಪಗಳ ಖರ್ಚಿಗೆ.

ರಾಜಮಾನ ಎಂದು ಒತ್ತಿ ಹೇಳಿದ್ದು ಸುಮ್ಮನೆ ಅಲ್ಲ. ಆ ಕಾಲದ ಮತ್ತರು ಊರಿಂದೂರಿಗೆ ಹಿಗ್ಗಿ ಕುಗ್ಗುವ ಅಳತೆ; ಅಳೆಯುವ ಕೋಲು ಬದಲಾದರೆ ಹೊಲವೂ ಬದಲಾಗುತ್ತಿತ್ತು. ಅಳೆದದ್ದು ಯಾವ ಕೋಲಿನಿಂದ ಎಂದು ಕಲ್ಲಿನಲ್ಲೇ ಕೊರೆಸಿಟ್ಟರೆ ಮೊಮ್ಮಕ್ಕಳ ಕಾಲದಲ್ಲಿ ಬದುವಿನ ಜಗಳ ಎದ್ದಾಗ ತೋರಿಸಲು ಒಂದು ಆಧಾರ. ಹಾಗೆಯೇ, ಹಾನಗಲ್ಲು ಸೀಮೆ ಮಲೆನಾಡಿನ ಸೆರಗು. ಕೆರೆ ನೀರಿನ ಭತ್ತದ ಗದ್ದೆ ಇಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಆಸ್ತಿ. ಗಾವುಂಡರು ಕೊಟ್ಟದ್ದು ಮೂಲೆಯ ಬರಡು ನೆಲವನ್ನಲ್ಲ.

ಇತಿಹಾಸದ ಪುಸ್ತಕಗಳಲ್ಲಿ ಜೈನಧರ್ಮದ ಕಥೆ ಹೆಚ್ಚಾಗಿ ಅರಸರ ಮತ್ತು ಸೇನಾನಿಗಳ ಕಥೆಯಾಗಿಯೇ ಬರುತ್ತದೆ. ಆಡೂರಿನಲ್ಲಿ ಅರಸರು ಇರುವುದು ಕಾಲ ಹೇಳಲು, ಒಪ್ಪಿಗೆ ಕೊಡಲು. ಗುಡಿ ಕಟ್ಟಿಸಿದವರು, ಗದ್ದೆ ಬಿಟ್ಟವರು ಊರ ಗಾವುಂಡರು, ಅಂದರೆ ಇಂದಿನ ಗೌಡರ ಹಿಂದಿನವರು. ಜೈನರೆಂದರೆ ಅಂಗಡಿ ಇಟ್ಟವರು ಎಂದುಕೊಂಡವರಿಗೆ ಇದು ಹೊಸದಾಗಿ ಕಾಣಬಹುದು. ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ನೇಗಿಲು ಹಿಡಿಯುವ ಜೈನ ಮನೆತನಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈ ಸೀಮೆಗೆ ಜಿನಧರ್ಮ ಬಂದದ್ದು ಚಾಲುಕ್ಯರ ಜೊತೆಗಲ್ಲ. ಹಾವೇರಿ ತಾಲೂಕಿನ ದೇವಗಿರಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳು ಆಡೂರಿನ ಶಾಸನಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನವು. ಕದಂಬ ದೊರೆ ಮೃಗೇಶವರ್ಮ ಕಾಲವಂಗವೆಂಬ ಊರನ್ನು ಮೂರು ಪಾಲು ಮಾಡಿ ಒಂದನ್ನು ಅರ್ಹಂತನ ಆಲಯಕ್ಕೆ, ಇನ್ನೊಂದನ್ನು ಶ್ವೇತಪಟ ಸಂಘಕ್ಕೆ, ಮತ್ತೊಂದನ್ನು ನಿರ್ಗ್ರಂಥ ಸಂಘಕ್ಕೆ ಕೊಟ್ಟ. ಬಿಳಿಬಟ್ಟೆಯವರೂ ದಿಗಂಬರರೂ ಒಂದೇ ಊರಿನ ಆದಾಯ ಹಂಚಿಕೊಂಡು ಬಾಳಿದ ನೆಲ ಇದು. ಮುಂದೆ ಶ್ವೇತಪಟರ ಸುಳಿವು ಇಲ್ಲಿ ತೆಳುವಾಗುತ್ತಾ ಹೋಯಿತು.

ಆಡೂರಿನ ಜಿನಾಲಯ ಊರಿನದಾದರೆ ಬಂಕಾಪುರ ನಾಡಿನದು. ಇಂದಿನ ಶಿಗ್ಗಾವಿ ತಾಲೂಕಿನ ಈ ಪಟ್ಟಣಕ್ಕೆ ಹೆಸರು ಬಂದದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷನ ದಂಡನಾಯಕ ಬಂಕೆಯನಿಂದ. ಅವನ ಮಗ ಲೋಕಾದಿತ್ಯ ಬನವಾಸಿ ನಾಡನ್ನು ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ 'ಉತ್ತರಪುರಾಣ'ಕ್ಕೆ ಇಲ್ಲಿ ಪೂಜೆ ನಡೆಯಿತು. ಆ ಸಂಗತಿಯನ್ನು ಗ್ರಂಥದ ಕೊನೆಯ ಪ್ರಶಸ್ತಿಯಲ್ಲಿ ಬರೆದಿಟ್ಟವರು ಗುಣಭದ್ರರ ಶಿಷ್ಯ ಲೋಕಸೇನ. ಜಿನಸೇನರು ಮುಗಿಸದೆ ಬಿಟ್ಟ 'ಮಹಾಪುರಾಣ'ದ ಕೊನೆಯ ಭಾಗವೇ ಈ 'ಉತ್ತರಪುರಾಣ'. ಪುಸ್ತಕವೊಂದಕ್ಕೆ ಊರು ಸೇರಿ ಹಬ್ಬ ಮಾಡಿದ ಉದಾಹರಣೆ ನಮ್ಮಲ್ಲಿ ಎಷ್ಟಿವೆಯೋ.

ಮುಂದಿನ ಶತಮಾನದಲ್ಲಿ ಬಂಕಾಪುರಕ್ಕೆ ಬಂದವನು ಗಂಗ ದೊರೆ ಮಾರಸಿಂಹ, ಅದೂ ಸಾಯುವುದಕ್ಕೆ. ರಾಜ್ಯ ಬಿಟ್ಟು ಒಂದು ವರ್ಷದ ಮೇಲೆ, 974ರ ಸುಮಾರಿಗೆ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಆಹಾರ ತೊರೆದು ಸಲ್ಲೇಖನ ವ್ರತದಲ್ಲಿದ್ದು ದೇಹ ಬಿಟ್ಟ. ಈ ವಿವರ ಉಳಿದಿರುವುದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲೆ. ಚಾವುಂಡರಾಯನಿಗೂ ಕವಿ ರನ್ನನಿಗೂ ಅಜಿತಸೇನರೇ ಗುರು. ಇಂದು ಬಂಕಾಪುರದ ಕೋಟೆ ನವಿಲುಧಾಮ. ದಿಗಂಬರ ಮುನಿಗಳು ಹಿಡಿಯುವ ಪಿಂಛಿ ನವಿಲುಗರಿಯದೇ ಎಂಬುದು ನೆನಪಾದವರಿಗೆ ಈ ಕಾಕತಾಳೀಯ ಹಿಡಿಸಬಹುದು.

ಬಂಕಾಪುರದ ಏಳಿಗೆ ಬಹುಕಾಲ ಉಳಿಯಲಿಲ್ಲ. ಹನ್ನೆರಡನೆಯ ಶತಮಾನದ ನಡುವಿನ ಹೊತ್ತಿಗೇ ಅಲ್ಲಿ ಬಸದಿಗಳು ಹಾಳುಬಿದ್ದಿದ್ದವು. ಹೊಯ್ಸಳರ ಭಂಡಾರಿ ಹುಳ್ಳರಾಜ ಅವನ್ನು ಜೀರ್ಣೋದ್ಧಾರ ಮಾಡಿಸಿದ್ದನ್ನು ಬೆಳಗೊಳದ ಶಾಸನ ಕೊಂಡಾಡುತ್ತದೆ. ಕೊಂಡಾಡುವ ಭರದಲ್ಲೇ ಅವು ಬಿದ್ದಿದ್ದ ಸ್ಥಿತಿಯನ್ನೂ ಅದು ಹೇಳಿಬಿಡುತ್ತದೆ.

ಸುಮಾರು ಅದೇ ಕಾಲದಲ್ಲಿ ಹಿರೇಕೆರೂರು ಸೀಮೆಯ ಅಬ್ಬಲೂರಿನಲ್ಲಿ ನಡೆದ ಘಟನೆಯಲ್ಲಿ ಮತ್ತೆ ಗಾವುಂಡನೊಬ್ಬ ಕಾಣಿಸಿಕೊಳ್ಳುತ್ತಾನೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ, ತನ್ನ ತಲೆ ಕತ್ತರಿಸಿಕೊಂಡು ಏಳನೆಯ ದಿನ ಮರಳಿ ಪಡೆದನೆಂದು ಅಲ್ಲಿನ ಶಾಸನ ಹೇಳುತ್ತದೆ. ಸೋತರೆ ಜೈನರು ಜಿನಬಿಂಬ ತೆಗೆಯಬೇಕೆಂಬುದು ಪಣದ ಮಾತು. ಸೋತ ಮೇಲೆ ಅವರು ಅದಕ್ಕೆ ಒಪ್ಪಲಿಲ್ಲ. ಅವರ ಕಡೆಯ ಮುಂದಾಳು ಸಂಕಗಾವುಂಡ. ರಾಮಯ್ಯ ಬಿಂಬವನ್ನು ಒಡೆದ. ದೂರು ದೊರೆ ಬಿಜ್ಜಳನವರೆಗೂ ಹೋಯಿತು. ಜಯಪತ್ರ ಸಿಕ್ಕಿದ್ದು ರಾಮಯ್ಯನಿಗೆ. ಆಮೇಲೆ ಹಾನಗಲ್ಲಿನ ಕದಂಬ ಕಾಮದೇವನೂ ಅವನ ದೇವಾಲಯಕ್ಕೆ ಊರೊಂದನ್ನು ದತ್ತಿ ಬಿಟ್ಟ.

ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಶಾಸನ ಗೆದ್ದವರದು, ಸೋತವರ ಕಡೆಯ ಕಲ್ಲು ನಮ್ಮ ಕೈಗೆ ಬಂದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅಬ್ಬಲೂರಿನ ಸೋಮೇಶ್ವರ ಗುಡಿಯ ಕೆತ್ತನೆಯಲ್ಲಿ ಈ ಪ್ರಸಂಗವನ್ನು ಮೂಡಿಸಿ ಕೆಳಗೆ ಪುಟ್ಟ ಬರಹಗಳನ್ನೂ ಹಾಕಿದ್ದಾರೆ: ತಲೆ ಕತ್ತರಿಸಿಕೊಂಡ ಜಾಗ ಯಾವುದು, ಸಂಕಗಾವುಂಡ ಜನ ಕೂಡಿಸಿಕೊಂಡು ನಿಂತದ್ದು ಎಲ್ಲಿ, ಜಿನನನ್ನು ಒಡೆದು ಲಿಂಗ ಸ್ಥಾಪಿಸಿದ್ದು ಹೇಗೆ ಎಂದು. ರಾಜಾಶ್ರಯ ತಪ್ಪಿದ್ದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಊರೊಳಗೆ. ಗಾವುಂಡರ, ಒಕ್ಕಲುಗಳ ಭಕ್ತಿ ಶಿವನ ಕಡೆ ತಿರುಗಿದ ಮೇಲೆ ಹಳ್ಳಿಯ ಜಿನಾಲಯಕ್ಕೆ ಗದ್ದೆ ಬಿಡುವವರು ಎಲ್ಲಿಂದ ಬರಬೇಕು?

ಎಲ್ಲ ಕಡೆ ಹೀಗೇ ಆಯಿತೆಂದಲ್ಲ. ಶಿಗ್ಗಾವಿ ತಾಲೂಕಿನ ಅರಟಾಳದಲ್ಲಿ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ.   ಬಸದಿಯ ಶಾಸನ ಶಕವರ್ಷ 1045ರದು, ಅಂದರೆ 1123. ಕಟ್ಟಿಸಿದವನು ಕನಕಚಂದ್ರರ ಶಿಷ್ಯ ಬೊಮ್ಮಿಸೆಟ್ಟಿ. ಇಲ್ಲಿ ದಾನಿ ಗಾವುಂಡನಲ್ಲ, ಸೆಟ್ಟಿ. ಹೊಲದಿಂದ ಬರುತ್ತಿದ್ದ ಆಸರೆ ವ್ಯಾಪಾರದ ಗಂಟಿನಿಂದಲೂ ಬರುತ್ತಿದ್ದ ಕಾಲ ಅದು.

ಈಗ ಈ ಸೀಮೆಯಲ್ಲಿ ಹೆಚ್ಚು ಜನ ಸೇರುವ ಜೈನ ಕ್ಷೇತ್ರ ವರೂರಿನ ನವಗ್ರಹ ತೀರ್ಥ. ಹಾವೇರಿ ಜಿಲ್ಲೆಯ ಗಡಿ ದಾಟಿ ಹುಬ್ಬಳ್ಳಿಯತ್ತ ಹೋಗುವಾಗ ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಪಾರ್ಶ್ವನಾಥನ 61 ಅಡಿಯ ವಿಗ್ರಹ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಅಲ್ಲಿಗೆ ಬರುವ ಯಾತ್ರಿಕರಲ್ಲಿ ಬಿಡುವು ಇದ್ದವರು ಹೆದ್ದಾರಿ ಬಿಟ್ಟು ಒಳದಾರಿ ಹಿಡಿದು ಅರಟಾಳಕ್ಕೂ ಹೋಗಿ ಬರಬಹುದು. ಒಂಬೈನೂರು ವರ್ಷ ಹಳೆಯ ಸೆಟ್ಟಿಯ ಬಸದಿಯನ್ನೂ ಇಪ್ಪತ್ತೊಂದನೆಯ ಶತಮಾನದ ದಾನಿಗಳ ತೀರ್ಥವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಲು ಅಡ್ಡಿಯಿಲ್ಲ.