ಆತಕೂರಿನ ಕಾಳಿ, ಉಲ್ಲಾಳದ ಚಿಂಟು

 

ಉಲ್ಲಾಳ ಅಂದ ಕೂಡಲೇ ಎಲ್ಲರೂ ಕೇಳುವುದು "ಓ, ಮಂಗಳೂರಾ? ರಾಣಿ ಅಬ್ಬಕ್ಕನ ಊರಾ?" ಅಂತ. ಅಲ್ಲ ಸ್ವಾಮಿ, ನಮ್ಮದು ಬೆಂಗಳೂರಿನ ಉಲ್ಲಾಳ. ಜ್ಞಾನಭಾರತಿಯ ಹಿಂದೆ, ಮಲ್ಲತ್ತಹಳ್ಳಿ ಪಕ್ಕ, ಕೆಂಗೇರಿಗೆ ಮುಂಚೆ ಸಿಗುವ ಉಲ್ಲಾಳ. ಇಲ್ಲಿ ಸಮುದ್ರ ಇಲ್ಲ. ಒಂದು ಕೆರೆ ಇದೆ, ಬೇಕಾದಷ್ಟು ಸೈಟುಗಳಿವೆ, ಸೈಟಿಗೆ ಮೂರರಂತೆ ನಾಯಿಗಳಿವೆ :)

ಇಷ್ಟು ನಾಯಿಗಳಿರುವ ಊರಲ್ಲಿ ಮೊನ್ನೆ ಮಗಳು ಮೊಬೈಲು ತಂದು ನನ್ನ ಮುಖದ ಮುಂದೆ ಹಿಡಿದಳು. ಬೀಗಲ್ ಮರಿಯ ಫೋಟೋ. ಗುಲಾಬಿ ಬಣ್ಣದ ಟವೆಲ್ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. "ಅಪ್ಪ, ನಲವತ್ತು ದಿನದ ಮರಿಯಂತೆ. ಅಡ್ವಾನ್ಸ್ ಹಾಕಿದ್ರೆ ಮನೆಗೇ ತಂದುಕೊಡ್ತಾರಂತೆ."

ನಾನು ಏನೂ ಹೇಳಲಿಲ್ಲ. ಅವಳಿಗೆ ಚಿಂಟು ಸರಿಯಾಗಿ ನೆನಪಿಲ್ಲ. ನನಗೆ ಇದೆ.

2011ನೇ ಇಸವಿ. ಅವಳಿನ್ನೂ ಎರಡನೇ ಕ್ಲಾಸು. ಆಗ ನಾನೂ ಹೀಗೇ ಒಂದು ಜಾಹೀರಾತು ನೋಡಿ, ಫೋನ್ ಮಾಡಿ, ಒಂದು ಪಗ್ ಮರಿ ತಂದಿದ್ದೆ. ಪಗ್ ಯಾಕೆ ಅಂತ ನಿಮಗೇ ಗೊತ್ತು. 2003ರಲ್ಲಿ ಹಚ್ ಮೊಬೈಲಿನವರ ಜಾಹೀರಾತು ಬಂತಲ್ಲ, ಹುಡುಗ ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗುವ ಆ ಪುಟ್ಟ ನಾಯಿ. ಅದಾದ ಮೇಲೆ ಊರಿಗೆ ಊರೇ ಪಗ್ ಬೇಕು ಅನ್ನತೊಡಗಿತು. ಚಪ್ಪಟೆ ಮೂಗಿನ ಆ ಪ್ರಾಣಿಗೆ ನಮ್ಮ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ ಅಂತ ಜಾಹೀರಾತಿನಲ್ಲಿ ಯಾರೂ ಹೇಳಿರಲಿಲ್ಲ.

ಮಾರಿದವನು ತನ್ನ ಮನೆಗೆ ಕರೆಯಲಿಲ್ಲ. ಮೈಸೂರು ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕ್ ಹತ್ತಿರ ಬಂದು ನಿಂತ. ಬೈಕಿನ ಮುಂದೆ ಒಂದು ರಟ್ಟಿನ ಡಬ್ಬಿ. ದುಡ್ಡು ಎಣಿಸಿಕೊಂಡ, ಡಬ್ಬಿ ಕೊಟ್ಟ. "ತಾಯಿ ಎಲ್ಲಿದೆ?" ಅಂತ ಮಗಳು ಕೇಳಿದಳು. "ಮನೇಲಿದೆ ಪುಟ್ಟಾ" ಅಂದ. ಎರಡೇ ನಿಮಿಷದ ವ್ಯವಹಾರ.

ಐದನೇ ದಿನ ಚಿಂಟು ಊಟ ಬಿಟ್ಟಿತು. ಆರನೇ ದಿನ ವಾಂತಿ, ರಕ್ತಭೇದಿ. ನಾಗರಭಾವಿಯ ಡಾಕ್ಟರು ನೋಡಿದ ಕೂಡಲೇ ಪಾರ್ವೋ ಅಂದರು. ಡ್ರಿಪ್ ಹಾಕಿದರು. ಎಂಟನೇ ದಿನ ಬೆಳಿಗ್ಗೆ ಹೋಯಿತು. ಮಾರಿದವನಿಗೆ ಫೋನ್ ಮಾಡಿದರೆ "ಕೊಡುವಾಗ ಚೆನ್ನಾಗಿತ್ತಲ್ಲ ಸಾರ್, ನೀವೇ ಏನೋ ತಿನ್ನಿಸಿರ್ತೀರಿ" ಅಂದ. ಆಮೇಲೆ ಆ ನಂಬರು ಹತ್ತಲೇ ಇಲ್ಲ.

ಅವನ ಮಾತು ಒಂದರ್ಥದಲ್ಲಿ ನಿಜವೇ ಅಂತ ಡಾಕ್ಟರು ಬಿಡಿಸಿ ಹೇಳಿದರು. ಪಾರ್ವೋ ವೈರಸ್ ಒಳಗೆ ಹೊಕ್ಕಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಹಾಗಾಗಿ ಕೊಡುವಾಗ ಮರಿ ಕುಣಿಯುತ್ತಲೇ ಇರುತ್ತದೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಇಳಿಯುತ್ತಾ ಬರುವ, ಲಸಿಕೆ ಇನ್ನೂ ಪೂರ್ತಿ ಕೆಲಸ ಮಾಡದ ಆ ಕೆಲವು ವಾರಗಳೇ ಅಪಾಯ. ಸರಿಯಾಗಿ ಆ ಹೊತ್ತಲ್ಲೇ ಮರಿಯನ್ನು ತಾಯಿಯಿಂದ ಕಿತ್ತು, ಹತ್ತು ಕಡೆಯ ಮರಿಗಳ ಜೊತೆ ಒಂದೇ ಪಂಜರದಲ್ಲಿಟ್ಟು, ಡಬ್ಬಿಯಲ್ಲಿ ತುಂಬಿ ಊರು ಸುತ್ತಿಸುತ್ತಾರೆ. ಚಿಕ್ಕದಿದ್ದಷ್ಟೂ ಮುದ್ದು, ಮುದ್ದಾದಷ್ಟೂ ಬೇಗ ಮಾರಾಟ. "ಇನ್ನು ಕೆಲವು ತಿಂಗಳು ಇನ್ನೊಂದು ಮರಿ ತರಬೇಡಿ, ಆ ವೈರಸ್ ನೆಲದಲ್ಲೇ ಇರುತ್ತೆ" ಅಂತಲೂ ಹೇಳಿ ಕಳಿಸಿದರು. ನಾವು ಆಮೇಲೆ ತರಲೇ ಇಲ್ಲ.

ಚಿಂಟು ಸತ್ತ ದಿನ ನನಗೆ ಅಜ್ಜಿ ನೆನಪಾದಳು. ನಮ್ಮದು ಮೂಲ ಮದ್ದೂರಿನ ಕಡೆ. ಅಲ್ಲಿ ನಾಯಿಮರಿಗೆ ದುಡ್ಡು ಕೊಡುವುದನ್ನು ನಾನು ಕಂಡಿರಲಿಲ್ಲ. ಯಾರ ಮನೆಯಲ್ಲಾದರೂ ನಾಯಿ ಮರಿ ಹಾಕಿದ್ದರೆ ಕೇಳಿಕೊಂಡು ಹೋಗುವುದು. ಮರಿ ಎತ್ತಿಕೊಳ್ಳಲು ಹೋದ ನನಗೆ ಅಜ್ಜಿ "ಮೊದ್ಲು ತಾಯ್ಗೆ ಒಂದೊತ್ತು ಮುದ್ದೆ ಹಾಕ್ಬುಟ್ಟು ಬಾರ್ಲಾ, ಆಮ್ಯಾಕೆ ಮರಿ ಮುಟ್ಟು" ಅಂದಿದ್ದಳು.

ಅದೇ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಊರಿದೆ. ಶಾಸನ ಓದುವ ಹವ್ಯಾಸ ಇರುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಕ್ರಿ.ಶ. 949-50ರ ಆತಕೂರು ಶಾಸನ ತಕ್ಕೋಲದ ಯುದ್ಧದ ವಿಷಯಕ್ಕೆ ಚರಿತ್ರೆಕಾರರಿಗೆ ಬೇಕಾದ ಕಲ್ಲು. ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಇಮ್ಮಡಿ ಬೂತುಗ, ಚೋಳರ ಸೋಲು, ಎಲ್ಲ ಅದರಲ್ಲಿದೆ. ನನಗೆ ಬೇಕಾದದ್ದು ಉಳಿದರ್ಧ. ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೆರ ಎಂಬ ವೀರನಿಗೆ ಬೂತುಗ ಏನು ಬೇಕೋ ಕೇಳು ಅನ್ನುತ್ತಾನೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆಮೇಲೆ ಒಂದು ದಿನ ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನೆಡಿಸಿದ, ಭೂಮಿ ಬಿಟ್ಟ, ದಿನಾ ಪೂಜೆ ತಪ್ಪಬಾರದೆಂದು ಕಟ್ಟುಮಾಡಿದ. ನಾಯಿ, ಹಂದಿ ಎದುರುಬದುರಾಗಿರುವ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ಹೋದಾಗ ಒಮ್ಮೆ ಒಳಗೆ ಹೋಗಿ ನೋಡಿ.

ಹತ್ತನೇ ಶತಮಾನದಲ್ಲಿ ಎಲ್ಲ ನಾಯಿಗಳೂ ಸುಖವಾಗಿದ್ದವು ಅಂತ ನಾನು ಹೇಳುತ್ತಿಲ್ಲ. ಹಂದಿ ಮೇಲೆ ನಾಯಿ ಛೂ ಬಿಡುವುದೇನು ದಯೆಯ ಕೆಲಸವಲ್ಲ. ಆದರೆ ಆ ಕಲ್ಲನ್ನು ಓದಿದರೆ ಆ ನಾಯಿಯ ಹೆಸರು ಸಿಗುತ್ತದೆ, ಯಾರು ಯಾರಿಗೆ ಕೊಟ್ಟರು ಅನ್ನುವುದು ಸಿಗುತ್ತದೆ, ಎಲ್ಲಿ ಹೇಗೆ ಸತ್ತಿತು ಅನ್ನುವುದೂ ಸಿಗುತ್ತದೆ. ಚಿಂಟು ವಿಷಯದಲ್ಲಿ ಇದ್ಯಾವುದೂ ಸಿಗಲಿಲ್ಲ. ಅದರ ತಾಯಿ ಎಲ್ಲಿತ್ತು, ಎಷ್ಟನೇ ಸೂಲು, ಈಗ ಬದುಕಿದೆಯಾ... ಒಂದೂ ಇಲ್ಲ.

ಕಾನೂನು ಇರಲಿಲ್ಲವಾ ಅಂದರೆ ಇತ್ತು. ಭರತನಾಟ್ಯಕ್ಕೆ ಹೆಸರಾದ ರುಕ್ಮಿಣಿದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರು. ಅಲ್ಲಿ ಪ್ರಾಣಿಗಳ ಪರವಾಗಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಮಾಡುತ್ತದೆ ಅಂತ ನೆಹರೂ ಮಾತು ಕೊಟ್ಟ ಮೇಲೆ ಹಿಂತೆಗೆದುಕೊಂಡರು. ಆ ಮಾತಿನ ಫಲವೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. 1962ರಲ್ಲಿ ಹುಟ್ಟಿದ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲ ಅಧ್ಯಕ್ಷೆಯೂ ಅವರೇ. ಒಳ್ಳೆಯ ಕಾಯ್ದೆ. ಆದರೆ ಹಿಂಸೆಗೆ ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹತ್ತರಿಂದ ಐವತ್ತು ರೂಪಾಯಿ. 1960ರಲ್ಲಿ ಐವತ್ತು ದೊಡ್ಡ ಮೊತ್ತವೇ ಇರಬೇಕು. ಇವತ್ತೂ ಅದೇ ಐವತ್ತು. ನಮ್ಮ ಉಲ್ಲಾಳದಲ್ಲಿ ಒಂದು ಮಸಾಲೆ ದೋಸೆಗೆ ಸಾಲದು.

ಬೆಂಗಳೂರಿನಲ್ಲಿ ಈ ಕೆಲಸ ಹಿಡಿದವರು ಸರ್ಕಾರದವರಿಗಿಂತ ಹೆಚ್ಚಾಗಿ ಸ್ವಯಂಸೇವಕರು. ಕ್ರಿಸ್ಟಲ್ ರೋಜರ್ಸ್ ಎಂಬ ಬ್ರಿಟಿಷ್ ಹೆಂಗಸು, ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿಗಳಿಗೆ ಆಶ್ರಯ ಕಟ್ಟಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಇಲ್ಲಿಗೆ ಬಂದು 1991ರಲ್ಲಿ ಕ್ಯೂಪಾ ಶುರು ಮಾಡಿದರು. 1996ರಲ್ಲಿ ತೀರಿಕೊಂಡರು. ನಿವೃತ್ತಿಯಾದ ಮೇಲೆ ಟಿವಿ ಮುಂದೆ ಕೂರುವ ನಮ್ಮಂಥವರು ಸ್ವಲ್ಪ ನಾಚಿಕೊಳ್ಳಬೇಕು. ಮೊದಲೆಲ್ಲ ಗಾಯಗೊಂಡ ಬೀದಿನಾಯಿ, ಹಸುಗಳದ್ದೇ ಕೆಲಸ. ಆಮೇಲೆ ಜಾತಿನಾಯಿಗಳೂ ಬರತೊಡಗಿದವು. ಮರಿ ಹಾಕಿ ಹಾಕಿ ಸೋತು, ಇನ್ನು ಪ್ರಯೋಜನವಿಲ್ಲ ಅಂತ ರಸ್ತೆಗೆ ಬಿಟ್ಟ ಹೆಣ್ಣು ಲ್ಯಾಬ್ರಡಾರ್‌ಗಳು, ಪಗ್‌ಗಳು. ಇಂಥವಕ್ಕೆ ಹೊಸ ಮನೆ ಹುಡುಕಲೆಂದೇ ಕ್ಯೂಪಾದವರು ಪ್ರತ್ಯೇಕ ಕೇಂದ್ರ ಮಾಡಬೇಕಾಯಿತು. ಜಾಹೀರಾತಿನಲ್ಲಿ ಕಾಣದ ತಾಯಂದಿರು ಕೊನೆಗೆ ಕಾಣಿಸುತ್ತಿದ್ದದ್ದು ಇಲ್ಲಿ.

ನಿಯಮ ಬರಲು ಮಾತ್ರ ತಡವಾಯಿತು. 2015ರ ಆಗಸ್ಟ್‌ನಲ್ಲಿ ಕಾನೂನು ಆಯೋಗ ತನ್ನ 261ನೇ ವರದಿಯಲ್ಲಿ ಸಾಕುಪ್ರಾಣಿ ಅಂಗಡಿಗಳಿಗೂ ನಾಯಿ ತಳಿ ಸಾಕಣೆಗೂ ನಿಯಂತ್ರಣ ಬೇಕು ಅಂದಿತು. 2017ರ ಮೇ 23ರಂದು ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಆ ದಿನಾಂಕ ಎಲ್ಲೋ ಕೇಳಿದ ಹಾಗಿದೆಯಲ್ಲ? ಹೌದು, ಜಾನುವಾರು ಸಂತೆಯ ನಿಯಮ ಬಂದದ್ದೂ ಅದೇ ದಿನ. ದೇಶವೆಲ್ಲ ದನದ ಬಗ್ಗೆ ಜಗಳವಾಡಿತು. ಆ ಗಲಾಟೆಯಲ್ಲಿ ನಾಯಿಯ ನಿಯಮವನ್ನು ಯಾರೂ ಓದಲಿಲ್ಲ. ಈಗಲಾದರೂ ಓದಿ: ತಳಿ ಸಾಕುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮಾರುವ ಮುನ್ನ ಲಸಿಕೆ ಹಾಕಿಸಿ ಮೈಕ್ರೋಚಿಪ್ ಹಾಕಿಸಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಗೆ ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಬದುಕಿನಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಸಾರ್ವಜನಿಕ ಜಾಗದಲ್ಲಿ ಮಾರುವಂತಿಲ್ಲ. ಪೆಟ್ರೋಲ್ ಬಂಕ್ ಹತ್ತಿರ ಡಬ್ಬಿ ಕೊಡುವಂತಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಚಿಂಟು ಬಂದದ್ದು ಆರು ವರ್ಷ ಮೊದಲು.

ನಲವತ್ತು ದಿನ ಅಂದರೆ ಆರು ವಾರಕ್ಕೂ ಕಡಿಮೆ. ಮಗಳು ತೋರಿಸಿದ ಜಾಹೀರಾತು ತಾನೇ ಬಾಯಿಬಿಟ್ಟು ತಪ್ಪೊಪ್ಪಿಕೊಂಡಿತ್ತು.

ಇಂಥ ಜಾಹೀರಾತು ಓದುವುದನ್ನೇ ಕೆಲಸ ಮಾಡಿಕೊಂಡ ಒಂದು ಹುಡುಗಿ ನನಗೆ ಅದೇ ಡಾಕ್ಟರ ಕ್ಲಿನಿಕ್ಕಿನಲ್ಲಿ ಪರಿಚಯ. ಸಂಬಳದ ಕೆಲಸ ಬೇರೆ ಇದೆ, ಇದು ರಾತ್ರಿ ಊಟವಾದ ಮೇಲೆ. ಕೆಲವು ಭಾನುವಾರ ಅವಳ ಜೊತೆ ನಾನೂ ಕೂತಿದ್ದೇನೆ. ಒಂದೇ ಫೋಟೋ ನಾಲ್ಕು ಊರಿನ ಜಾಹೀರಾತಿನಲ್ಲಿ ಇದೆಯಾ, ಒಂದೇ ಫೋನ್ ನಂಬರಿನಲ್ಲಿ ಲ್ಯಾಬ್, ಹಸ್ಕಿ, ಶಿಟ್ಜು ಎಲ್ಲ ಸಿಗುತ್ತಾ, ವಯಸ್ಸು ಎಷ್ಟು ಬರೆದಿದ್ದಾರೆ, ನೋಂದಣಿ ಕೇಳಿದರೆ ಕೆಸಿಐ ಪೇಪರ್ ತೋರಿಸುತ್ತಾರಾ ನೋಡಬೇಕು. (ಕೆಸಿಐ ಪೇಪರ್ ಅನ್ನುವುದು ಕೆನಲ್ ಕ್ಲಬ್ ಕೊಡುವ ವಂಶಾವಳಿ ಪತ್ರ. ಅದು ಸರ್ಕಾರದ ನೋಂದಣಿ ಅಲ್ಲ. ನಾನೂ ಎರಡೂ ಒಂದೇ ಅಂದುಕೊಂಡಿದ್ದೆ.) ತಪ್ಪು ಕಂಡರೆ ತಾಣದವರಿಗೆ ದೂರು. ಬೆಳಿಗ್ಗೆ ತೆಗೆದದ್ದು ಸಂಜೆ ಬೇರೆ ಹೆಸರಲ್ಲಿ ಹಾಜರು. ಫೇಸ್‌ಬುಕ್ಕಿನ ನಿಯಮದಲ್ಲಿ ಪ್ರಾಣಿ ಮಾರಾಟ ನಿಷಿದ್ಧ, ಹಾಗಾಗಿ ಅಲ್ಲಿ ಯಾರೂ 'ಮಾರಾಟ' ಅನ್ನುವುದಿಲ್ಲ. 'ಹೊಸ ಮನೆ ಬೇಕಿದೆ' ಅನ್ನುತ್ತಾರೆ, ಬೆಲೆ ಇನ್‌ಬಾಕ್ಸಿನಲ್ಲಿ.

"ಇಷ್ಟೆಲ್ಲ ಮಾಡಿ ಏನು ಸಿಗುತ್ತಮ್ಮ?" ಅಂತ ಒಮ್ಮೆ ಕೇಳಿದೆ. "ಅಂಕಲ್, ಜಾಹೀರಾತು ತೆಗೆಸೋದು ಮುಖ್ಯ ಅಲ್ಲ. ಕೊಳ್ಳೋರು ಒಂದೇ ಒಂದು ಪ್ರಶ್ನೆ ಕೇಳೋ ಹಾಗಾದ್ರೆ ಸಾಕು, ತಾಯಿ ತೋರಿಸಿ ಅಂತ" ಅಂದಳು. ನನ್ನ ಎರಡನೇ ಕ್ಲಾಸಿನ ಮಗಳು ಕೇಳಿದ್ದು ಅದನ್ನೇ. ನಾನು ಉತ್ತರಕ್ಕೆ ಕಾಯಲಿಲ್ಲ.

ಇಂಗ್ಲೆಂಡಿನಲ್ಲೂ ಹೋರಾಟ ಬಂದು ನಿಂತದ್ದು ಇದೇ ಮಾತಿನಲ್ಲಿ. ಅಲ್ಲಿ 2001ರಿಂದಲೇ ಪ್ರಾಣಿ ಸಂಘಟನೆಗಳೆಲ್ಲ ಸೇರಿ ಜಾಹೀರಾತುಗಳ ಮೇಲೆ ಕಣ್ಣಿಡುವ ಒಂದು ಗುಂಪು ಮಾಡಿಕೊಂಡಿದ್ದಾರೆ. 2013ರಲ್ಲಿ ವೇಲ್ಸಿನ ಒಂದು ಮರಿ ಫಾರಂನಿಂದ ಬಿಡಿಸಿದ ಲೂಸಿ ಎಂಬ ತಾಯಿನಾಯಿ 2016ರಲ್ಲಿ ಸತ್ತಿತು. ಅದರ ಹೆಸರಿನಲ್ಲೇ ಚಳವಳಿ ನಡೆದು, 2020ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಮಧ್ಯವರ್ತಿಗಳು ಆರು ತಿಂಗಳೊಳಗಿನ ಮರಿ ಮಾರುವಂತಿಲ್ಲ. ಸಾಕಿದವರ ಬಳಿಯೇ ಹೋಗಿ, ಮರಿಯನ್ನು ತಾಯಿಯ ಜೊತೆ ನೋಡಿ ತರಬೇಕು. ಅಲ್ಲಿಯೂ ಕಳ್ಳದಾರಿ ಇದ್ದೇ ಇದೆಯಂತೆ, ಬಿಡಿ.

ನಮ್ಮಲ್ಲಿ ಕಾನೂನಿಗಿಂತ ದೂರ ತಲುಪಿದ್ದು ಒಂದು ಸಿನಿಮಾ. 2022ರ ಜೂನ್‌ನಲ್ಲಿ ಬಂದ 777 ಚಾರ್ಲಿ ನೋಡದವರು ಕಡಿಮೆ. ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿಯವರು ನೋಡಿ ಕಣ್ಣೀರಿಟ್ಟರು, ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು, ಲಾಭದ ಶೇಕಡಾ 5ರಷ್ಟನ್ನು ನಾಯಿಗಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಡುತ್ತೇವೆ ಅಂತ ರಕ್ಷಿತ್ ಶೆಟ್ಟಿ ಪ್ರಕಟಿಸಿದರು. ಎಲ್ಲರೂ ಅತ್ತದ್ದು ಚಾರ್ಲಿಗೆ. ಆದರೆ ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಒಬ್ಬ ಕೆಟ್ಟ ಬ್ರೀಡರ್ ಕೈಯಿಂದ, ಅದರ ಕಾಯಿಲೆಯ ಬೇರೂ ಅಲ್ಲೇ ಇತ್ತು ಅನ್ನುವುದು ಎಷ್ಟು ಜನರಿಗೆ ನೆನಪಿದೆಯೋ.

ನಾಯಿಯ ತಳಿ ಮೇಲೆ ಸಿಟ್ಟು ಬಂದಷ್ಟು ಬೇಗ ಸಾಕುವವರ ಮೇಲೆ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳನ್ನು ಅಪಾಯಕಾರಿ ಅಂತ ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. 2017ರ ನಿಯಮ ಇದ್ದಲ್ಲೇ ಇದೆ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಚಿಂಟು ವಿಷಯವನ್ನೂ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಬೀಗಲ್ ಜಾಹೀರಾತಿನ ನಂಬರಿಗೆ ತಾನೇ ಫೋನ್ ಮಾಡಿ ಸ್ಪೀಕರ್ ಹಾಕಿದಳು. "ಮರಿ ನೋಡೋಕೆ ಬರ್ತೀವಿ, ತಾಯಿನೂ ತೋರಿಸ್ತೀರಾ?" ಅಂದಳು. ಆ ಕಡೆಯಿಂದ "ತಾಯಿ ಊರಲ್ಲಿದೆ ಮೇಡಂ" ಅಂತ ಬಂತು. "ಯಾವ ಊರು? ಅಲ್ಲಿಗೇ ಬರ್ತೀವಿ" ಅಂದಳು. ಫೋನ್ ಕಟ್ಟಾಯಿತು.

ಇನ್ನೂ ಎರಡು ನಂಬರಿಗೆ ಮಾಡಿದಳು, ಅದೇ ಕತೆ. ನಮ್ಮ ರಸ್ತೆಯ ಕೊನೆಯ ಖಾಲಿ ಸೈಟಿನಲ್ಲಿ ಒಂದು ಕಂದು ಹೆಣ್ಣುನಾಯಿ ಹೋದ ವಾರ ಐದು ಮರಿ ಹಾಕಿದೆ. ಎಂಟು ವಾರ ಆಗಲು ಇನ್ನೂ ಏಳು ವಾರ ಇದೆ. ನಿನ್ನೆಯಿಂದ ಮಗಳು ಅದಕ್ಕೆ ಅನ್ನ ಮೊಟ್ಟೆ ಹಾಕಿ ಬರುತ್ತಿದ್ದಾಳೆ. ನನ್ನನ್ನು ಕಂಡರೆ ಮಾತ್ರ ಅದಿನ್ನೂ ಗುರ್ ಅನ್ನುತ್ತದೆ.