ಹಾಜರಿ ಪುಸ್ತಕದಾಚೆಯ ಜನ: ಸಕಲೇಶಪುರ–ಆಲೂರು ಸೀಮೆ ಮತ್ತು ಸಮುದಾಯ ಶುಶ್ರೂಷಾ ಶಿಕ್ಷಣ

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯೇ ನರ್ಸಿನ ಬಳಿಗೆ ಬರುತ್ತಾನೆ; ಸಮುದಾಯ ಶುಶ್ರೂಷೆಯಲ್ಲಿ ನರ್ಸ್ ಮನೆಯನ್ನು ಹುಡುಕಿಕೊಂಡು ಹೋಗಬೇಕು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ಕಾಫಿ ಸೀಮೆಯಲ್ಲಿ ಆ ಮನೆ ಹಲವೆಡೆ ತೋಟದ ಲೈನ್ ಮನೆ, ಅಂದರೆ ಕೂಲಿಯಾಳುಗಳ ಸಾಲುಮನೆ. ಹಿಂದೆ ಮಂಜರಾಬಾದ್ ಎನಿಸಿಕೊಂಡಿದ್ದ ಈ ಭಾಗದಲ್ಲಿ 19ನೇ ಶತಮಾನದಲ್ಲಿ ಕಾಫಿ ತೋಟಗಳು ಹಬ್ಬಿದಂತೆ ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಕೂಲಿಯಾಳುಗಳು ಬಂದರು. ಮಳೆ, ಚಳಿಜ್ವರ, ದೂರದ ಆಸ್ಪತ್ರೆ ಅವರ ಪಾಡಾಗಿತ್ತು.

ಹೀಗೆ ಮನೆಗಳಿಗೆ ಹೋಗಬೇಕಾದ ಸಾರ್ವಜನಿಕ ಆರೋಗ್ಯ ಕಾರ್ಯಕರ್ತೆಯರ ತರಬೇತಿಗೆ ದೆಹಲಿಯಲ್ಲಿ ಲೇಡಿ ರೀಡಿಂಗ್ ಹೆಲ್ತ್ ಸ್ಕೂಲ್ 1918ರಲ್ಲಿ ಆರಂಭವಾಯಿತು. ಆದರೂ ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಲೆಕ್ಕದಲ್ಲಿ ದೇಶದಲ್ಲಿದ್ದ ನರ್ಸ್‌ಗಳು ಸುಮಾರು 7,000, ಮನೆಭೇಟಿಯ ಹೆಲ್ತ್ ವಿಸಿಟರ್‌ಗಳು ಸುಮಾರು 750 ಮಾತ್ರ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆ ತರಬೇತಿಗೆ ದೇಶವ್ಯಾಪಿ ಏಕರೂಪತೆ ತರಲು ಅಡಿಪಾಯ ಹಾಕಿತು.

ತೋಟದ ಜನರ ಆರೈಕೆ ಬೇರೆ ದಾರಿಯಲ್ಲಿ ಬಂತು. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯ, ವಸತಿ, ಶಿಶುವಿಹಾರಗಳ ಹೊಣೆಯನ್ನು ಮಾಲೀಕರಿಗೆ ವಹಿಸಿತು. ಮೊದಲು ಅದು ಅನ್ವಯಿಸಿದ್ದು ಕನಿಷ್ಠ 25 ಎಕರೆ ಮತ್ತು 30 ಕಾರ್ಮಿಕರಿದ್ದ ತೋಟಗಳಿಗೆ. 1981ರ ತಿದ್ದುಪಡಿ ಈ ಮಿತಿಯನ್ನು 5 ಹೆಕ್ಟೇರ್ ಮತ್ತು 15 ಕಾರ್ಮಿಕರಿಗೆ ಇಳಿಸಿತು. ಹೀಗೆ ಆರೈಕೆಯ ಹಕ್ಕು ತೋಟದ ಅಳತೆಗೂ ಹಾಜರಿ ಪುಸ್ತಕಕ್ಕೂ ಗಂಟುಬಿತ್ತು. ಸಣ್ಣ ಹಿಡುವಳಿಯ ಆಳುಗಳು ಕಾಯ್ದೆಯ ಹೊರಗುಳಿದರು. ಕೊಯ್ಲಿಗೆ ಬಂದು ಹೋಗುವವರು ಸುಲಭವಾಗಿ ಲೆಕ್ಕದಿಂದ ತಪ್ಪಿಹೋದರು.

ಈ ಬಿರುಕನ್ನು ತುಂಬುವ ಕೆಲಸ ಸರ್ಕಾರಿ ಆರೋಗ್ಯ ಉಪಕೇಂದ್ರದ ಸಿಸ್ಟರ್, ಅಂದರೆ ಸಹಾಯಕ ನರ್ಸ್-ಸೂಲಗಿತ್ತಿ (ಎಎನ್‌ಎಂ) ಪಾಲಿಗೆ ಬಂತು. 1973ರ ಕರ್ತಾರ್ ಸಿಂಗ್ ಸಮಿತಿಯ ವರದಿ ಎಎನ್‌ಎಂ ಅವರನ್ನು ಬಹುಉದ್ದೇಶ ಆರೋಗ್ಯ ಕಾರ್ಯಕರ್ತೆಯಾಗಿ ಕಂಡಿತು. 1977ರಲ್ಲಿ ಅವರ ತರಬೇತಿ 18 ತಿಂಗಳಿನದಾಯಿತು. ಗುಡ್ಡಗಾಡಿನಲ್ಲಿ 3,000, ಬಯಲಿನಲ್ಲಿ 5,000 ಜನಸಂಖ್ಯೆಗೊಂದು ಉಪಕೇಂದ್ರವೆಂಬ ಮಾನದಂಡ ನಂತರ ನೆಲೆನಿಂತಿತು. ಇತ್ತ, 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಕರ್ನಾಟಕದ ನರ್ಸಿಂಗ್ ಪದವಿ ಶಿಕ್ಷಣ ಒಂದೆಡೆ ಸೇರಿತು. 2021ರ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮ ಸಮುದಾಯ ಶುಶ್ರೂಷೆಯನ್ನು ಐದನೆಯ ಮತ್ತು ಏಳನೆಯ ಸೆಮಿಸ್ಟರ್‌ಗಳಲ್ಲಿಟ್ಟಿದೆ.

ಮನೆಭೇಟಿ, ಭೇಟಿಗೆ ಒಯ್ಯುವ ಬ್ಯಾಗಿನ ಶುಚಿಕ್ರಮ, ಕುಟುಂಬ ಅಧ್ಯಯನಗಳು ಈ ಕಲಿಕೆಯ ತಿರುಳು. ಕಾಫಿ ಸೀಮೆಯಲ್ಲಿ ಇವಕ್ಕೆ ಸ್ಥಳೀಯ ಅರ್ಥವಿದೆ. ಕೊಯ್ಲಿನ ದಿನಗಳಲ್ಲಿ ಹಗಲು ಹೋದರೆ ಲೈನ್ ಮನೆಗೆ ಬೀಗ; ಸಂಜೆ ಹೋಗೋಣವೆಂದರೆ ದಾರಿಯಲ್ಲಿ ಕಾಡಾನೆಯ ಭಯ. ಬೇರೆ ತಾಲ್ಲೂಕಿನ ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣಾ ದಾಖಲೆ) ಹಿಡಿದು ಬಂದ ಗರ್ಭಿಣಿಗೆ ಮುಂದಿನ ತಪಾಸಣೆ ತಪ್ಪಬಾರದು. ಕನ್ನಡ ತಿಳಿಯದ ವಲಸಿಗರಿಗೆ ಮಾತ್ರೆಯ ಹೊತ್ತನ್ನು ತಿಳಿಸಿಕೊಡಬೇಕು. ಹಾಜರಿ ಪುಸ್ತಕ ದುಡಿಯುವ ಕೈಗಳನ್ನಷ್ಟೇ ಎಣಿಸುತ್ತದೆ. ವಿದ್ಯಾರ್ಥಿನಿ ಬರೆಯುವ ಕುಟುಂಬ ದಾಖಲೆಯಲ್ಲಿ ಮನೆಯಲ್ಲುಳಿದ ಮುದುಕಿ, ಕೂಸು, ಹಾಸಿಗೆ ಹಿಡಿದವರೂ ಸೇರುತ್ತಾರೆ.