ಜಗಲಿಯ ಮೇಲಿನ ಫ್ರೆಂಚ್ ಪಾಠ

ಫ್ರೆಂಚ್ ಭಾಷೆಯನ್ನು ಮೊದಲ ಅಕ್ಷರದಿಂದ ಕಲಿಸುವ ತರಗತಿಗಳು ಇಂದು ಜಗತ್ತಿನ ಬಹಳಷ್ಟು ವಿಶ್ವವಿದ್ಯಾನಿಲಯಗಳಲ್ಲಿ ನಡೆಯುತ್ತಿವೆಯಾದರೂ, ಆ ತರಗತಿಗೆ ಅಲ್ಲಿ ಮರ್ಯಾದೆಯ ಸ್ಥಾನ ದೊರೆತದ್ದು ಬಹಳ ತಡವಾಗಿ. ಯುರೋಪಿನ ವಿದ್ವತ್ತು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಶತಮಾನಗಳಲ್ಲಿ ಜನರು ಆಡುವ ಭಾಷೆಯೊಂದನ್ನು ಕಲಿಸುವುದು ಪಂಡಿತರ ಕೆಲಸವೆನಿಸಿರಲಿಲ್ಲ. ಅದನ್ನು ಕಲಿಸುತ್ತಿದ್ದವರು ಮನೆಪಾಠದ ಮೇಷ್ಟ್ರುಗಳು, ಪತ್ರ ಬರೆಯುವ ವಿದ್ಯೆಯನ್ನು ಹೇಳಿಕೊಡುವ ಗುಮಾಸ್ತರು ಮತ್ತು ಮತಹಿಂಸೆಗೆ ಅಂಜಿ ದೇಶ ಬಿಟ್ಟು ಬಂದ ನಿರಾಶ್ರಿತರು. ವಿಶ್ವವಿದ್ಯಾನಿಲಯದ ಜಗಲಿಯ ಮೇಲೆ ಕುಳಿತಿದ್ದ ಈ ಪಾಠ ಒಳಮನೆಗೆ ಬರಲು ಸುಮಾರು ಐದು ನೂರು ವರ್ಷ ಹಿಡಿಯಿತು. ಆದರೆ ಫ್ರೆಂಚ್ ಭಾಷೆಯ ಬಗ್ಗೆ, ಒಟ್ಟಾರೆ ಮನುಷ್ಯರ ಮಾತಿನ ಬಗ್ಗೆ, ಇಂದು ವಿದ್ವತ್ತೆನಿಸಿಕೊಂಡಿರುವ ಎಷ್ಟೋ ತಿಳಿವಳಿಕೆ ಹುಟ್ಟಿದ್ದು ಈ ಜಗಲಿಯ ಮೇಲೆಯೇ ಎಂಬುದನ್ನು ಆ ಇತಿಹಾಸ ಸ್ಪಷ್ಟವಾಗಿ ತೋರಿಸುತ್ತದೆ.

ಫ್ರೆಂಚನ್ನು ಪರಭಾಷೆಯಾಗಿ ಕ್ರಮಬದ್ಧವಾಗಿ ಕಲಿಸುವ ಪ್ರಯತ್ನದ ಅತ್ಯಂತ ಹಳೆಯ ದಾಖಲೆಗಳು ದೊರೆಯುವುದು ಇಂಗ್ಲೆಂಡಿನಲ್ಲಿ. 1066ರಲ್ಲಿ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆ, ನ್ಯಾಯಾಲಯ ಮತ್ತು ಜಮೀನುದಾರರ ಮನೆಗಳಲ್ಲಿ ಫ್ರೆಂಚ್ ನೆಲೆಯೂರಿತಾದರೂ, ಕೆಲವು ತಲೆಮಾರುಗಳು ಕಳೆಯುವಷ್ಟರಲ್ಲಿ ಆ ಮನೆಗಳ ಮಕ್ಕಳಿಗೂ ಅದು ತಾಯ್ನುಡಿಯಾಗಿ ಉಳಿಯದೆ ಕಲಿತು ಪಡೆಯಬೇಕಾದ ಭಾಷೆಯಾಗತೊಡಗಿತು. ಹದಿಮೂರನೆಯ ಶತಮಾನದ ನಡುಭಾಗದಲ್ಲಿ ಎಸೆಕ್ಸ್ ಪ್ರಾಂತದ ವಾಲ್ಟರ್ ಆಫ್ ಬಿಬ್ಸ್‌ವರ್ತ್ ಎಂಬಾತ ಒಬ್ಬ ಶ್ರೀಮಂತ ಮಹಿಳೆಗಾಗಿ, ಆಕೆ ತನ್ನ ಮಕ್ಕಳಿಗೆ ಫ್ರೆಂಚ್ ಕಲಿಸಲು ನೆರವಾಗಲೆಂದು, ‘ತ್ರೆತೀಸ್’ ಎಂಬ ಪದ್ಯಕೃತಿಯನ್ನು ರಚಿಸಿದ. ಮಗುವಿನ ಜನನದಿಂದ ಆರಂಭವಾಗಿ ಮೈಯ ಅಂಗಗಳು, ಹೊಲದ ಕೆಲಸ, ಪ್ರಾಣಿಗಳ ಕೂಗು, ಮದ್ಯ ತಯಾರಿಕೆ, ಔತಣ ಹೀಗೆ ಮನೆಯ ಬದುಕನ್ನೇ ಅನುಸರಿಸಿ ಸಾಗುವ ಈ ಕೃತಿಯ ಸಾಲುಗಳ ನಡುವೆ ಕಠಿಣ ಪದಗಳಿಗೆ ಇಂಗ್ಲಿಷ್ ಅರ್ಥಗಳನ್ನು ಬರೆದಿಡಲಾಗಿದೆ. ಕೇಶಿರಾಜನು ಕನ್ನಡದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ, ಆದರೆ ಕೇಶಿರಾಜನ ಓದುಗನಿಗೆ ಕನ್ನಡ ಮೊದಲೇ ಬರುತ್ತಿತ್ತು, ಬಿಬ್ಸ್‌ವರ್ತ್‌ನ ಓದುಗನಿಗೆ ಫ್ರೆಂಚ್ ಬರುತ್ತಿರಲಿಲ್ಲ. ಎರಡು ಗ್ರಂಥಗಳ ಸ್ವರೂಪದಲ್ಲಿರುವ ಅಂತರಕ್ಕೆ ಇದು ಮುಖ್ಯ ಕಾರಣ. ಫ್ರೆಂಚಿನಲ್ಲಿ ಪ್ರತಿಯೊಂದು ನಾಮಪದಕ್ಕೂ ಪುಲ್ಲಿಂಗ ಅಥವಾ ಸ್ತ್ರೀಲಿಂಗ ಇರಲೇಬೇಕೆಂಬ ನಿಯಮವನ್ನು ಬಿಬ್ಸ್‌ವರ್ತ್ ಸೂತ್ರವಾಗಿ ಹೇಳುವುದಿಲ್ಲ. ಬದಲಿಗೆ, ಕಿವಿಗೆ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕೇಳಿಸುವ ‘ತುಟಿ’, ‘ಮೊಲ’, ‘ಪೌಂಡು’, ‘ಪುಸ್ತಕ’ ಎಂಬ ಅರ್ಥಗಳ ನಾಲ್ಕು ಪದಗಳನ್ನು ಅಕ್ಕಪಕ್ಕದಲ್ಲಿಟ್ಟು, ಹಿಂದೆ ಬರುವ ‘ಲ’ ಅಥವಾ ‘ಲೆ’ ಎಂಬ ಉಪಪದವು ಅರ್ಥವನ್ನು ಬೇರ್ಪಡಿಸುವುದನ್ನು ತೋರಿಸುತ್ತಾನೆ. ಏಳೂವರೆ ಶತಮಾನಗಳ ಅನಂತರವೂ ಮೊದಲ ವರ್ಷದ ವಿದ್ಯಾರ್ಥಿ ಎಡವುವುದು ಇದೇ ಜಾಗದಲ್ಲಿ.

ಹದಿನಾಲ್ಕನೆಯ ಶತಮಾನದ ಆಕ್ಸ್‌ಫರ್ಡಿನಲ್ಲಿ ಫ್ರೆಂಚಿಗೆ ಎರಡು ಬಗೆಯ ಅಸ್ತಿತ್ವವಿತ್ತು. ಓರಿಯಲ್, ಕ್ವೀನ್ಸ್ ಮೊದಲಾದ ಕಾಲೇಜುಗಳ ನಿಯಮಾವಳಿಗಳು ನಿವಾಸಿಗಳು ಲ್ಯಾಟಿನ್ ಅಥವಾ ಫ್ರೆಂಚಿನಲ್ಲೇ ಮಾತನಾಡಬೇಕೆಂದು ವಿಧಿಸಿದ್ದವು, ಎಂದರೆ ಫ್ರೆಂಚ್ ಬರುತ್ತದೆಂದೇ ಅವು ಭಾವಿಸಿದ್ದವು. ಆದರೆ 1362ರಲ್ಲಿ ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನ ಬಂದಿತು (ಆ ಶಾಸನ ಬರೆಯಲ್ಪಟ್ಟದ್ದು ಮಾತ್ರ ಫ್ರೆಂಚಿನಲ್ಲಿ). 1385ರ ವೇಳೆಗೆ ಜಾನ್ ಟ್ರೆವಿಸಾ ಎಂಬ ವಿದ್ವಾಂಸ, ಶಾಲೆಯ ಮಕ್ಕಳು ಫ್ರೆಂಚನ್ನು ಪೂರ್ತಿಯಾಗಿ ಮರೆತಿದ್ದಾರೆಂದು ದಾಖಲಿಸಿದ. ಹೀಗೆ ಭಾಷೆ ಮನೆಯಿಂದ ಮರೆಯಾಗುತ್ತಿದ್ದಂತೆ ಅದನ್ನು ಹಣ ಪಡೆದು ಕಲಿಸುವ ವೃತ್ತಿ ಆಕ್ಸ್‌ಫರ್ಡಿನ ಬೀದಿಗಳಲ್ಲಿ ಬೆಳೆಯಿತು. ಥಾಮಸ್ ಸ್ಯಾಂಪ್ಸನ್, ಅವನ ಅನಂತರ ವಿಲಿಯಂ ಕಿಂಗ್ಸ್‌ಮಿಲ್ ಇಂಥ ಶಿಕ್ಷಕರಲ್ಲಿ ಪ್ರಸಿದ್ಧರು. ಪದವಿ ಪಡೆಯುವ ಉದ್ದೇಶವಿಲ್ಲದೆ, ಜಮೀನುದಾರರ ಬಳಿ ಲೆಕ್ಕಪತ್ರ ನೋಡಿಕೊಳ್ಳುವ ಉದ್ಯೋಗಕ್ಕೆ ಸಿದ್ಧರಾಗುತ್ತಿದ್ದ ಯುವಕರಿಗೆ ಇವರು ಪತ್ರಲೇಖನ, ಕ್ರಯಪತ್ರಗಳ ಬರವಣಿಗೆ, ಲೆಕ್ಕ ಮತ್ತು ಫ್ರೆಂಚ್ ಸಂಭಾಷಣೆಗಳನ್ನು ಒಟ್ಟಿಗೆ ಕಲಿಸುತ್ತಿದ್ದರು. ವಿಶ್ವವಿದ್ಯಾನಿಲಯವು 1432ರ ನಿಯಮವೊಂದರಲ್ಲಿ, ಈ ವಿಷಯಗಳಿಗೆ ತನ್ನಲ್ಲಿ ವಿಧ್ಯುಕ್ತ ಉಪನ್ಯಾಸಗಳಿಲ್ಲದ ಕಾರಣ ಇವುಗಳನ್ನು ಕಲಿಯುವವರು ವ್ಯಾಕರಣ ಮತ್ತು ಅಲಂಕಾರಶಾಸ್ತ್ರದ ಉಪನ್ಯಾಸಗಳಿಗೆ ಹಾಜರಾಗತಕ್ಕದ್ದೆಂದು ಆಜ್ಞಾಪಿಸಿತು. ಪಾಠವನ್ನು ತಡೆಯದೆ, ಒಳಗೂ ಸೇರಿಸಿಕೊಳ್ಳದೆ ಹತೋಟಿಯಲ್ಲಿಡುವ ಈ ನೀತಿಯೇ ಮುಂದಿನ ನಾಲ್ಕು ಶತಮಾನಗಳ ಉದ್ದಕ್ಕೂ ಬೇರೆ ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಇದೇ ಕಾಲದಲ್ಲಿ ‘ಮಾನ್ಯೇರ್ ದ ಲಾಂಗಾಜ್’ ಎಂದು ಕರೆಯಲಾಗುವ ಸಂಭಾಷಣಾ ಪುಸ್ತಕಗಳು ಹುಟ್ಟಿಕೊಂಡವು. 1396ರಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದಲ್ಲಿ ರಚಿತವಾದ ಇಂಥ ಒಂದು ಪುಸ್ತಕದಲ್ಲಿ ಪ್ರಯಾಣಿಕನೊಬ್ಬ ಕುದುರೆಯನ್ನು ಸಿದ್ಧಪಡಿಸುವಂತೆ ಆಳಿಗೆ ಹೇಳುತ್ತಾನೆ, ದಾರಿ ವಿಚಾರಿಸುತ್ತಾನೆ, ಛತ್ರದಲ್ಲಿ ಊಟ ಹಾಸಿಗೆಗಳಿಗೆ ಏರ್ಪಾಡು ಮಾಡುತ್ತಾನೆ, ಚೌಕಾಸಿಗೆ ಇಳಿಯುತ್ತಾನೆ. ಬೈಗುಳಕ್ಕೂ ಅಲ್ಲಿ ಜಾಗವಿದೆ. ಹೋಟೆಲಿನಲ್ಲಿ ಕೋಣೆ ಕೇಳುವ, ಅಂಗಡಿಯಲ್ಲಿ ಬೆಲೆ ವಿಚಾರಿಸುವ ಇಂದಿನ ಪಠ್ಯಪುಸ್ತಕದ ಮೊದಲ ಅಧ್ಯಾಯಗಳು ಆಧುನಿಕ ಪ್ರವಾಸೋದ್ಯಮದ ಕೊಡುಗೆಯೆಂದು ಭಾವಿಸುವುದು ಸರಿಯಲ್ಲವೆಂಬುದಕ್ಕೆ ಈ ಪುಸ್ತಕವೇ ಸಾಕ್ಷಿ.

ಫ್ರೆಂಚಿನ ವ್ಯಾಕರಣವೂ ಪರಭಾಷಿಕರ ಅಗತ್ಯದಿಂದಲೇ ಮೊದಲು ಹುಟ್ಟಿತು. ಹದಿನೈದನೆಯ ಶತಮಾನದ ಆರಂಭದಲ್ಲಿ ಜಾನ್ ಬಾರ್ಟನ್ ಎಂಬ ಇಂಗ್ಲಿಷ್ ಗೃಹಸ್ಥ ಪ್ಯಾರಿಸ್ಸಿನ ವಿದ್ವಾಂಸರಿಗೆ ಹಣ ಕೊಟ್ಟು ಬರೆಯಿಸಿದ ಕಿರುವ್ಯಾಕರಣದ ಉದ್ದೇಶ ಇಂಗ್ಲೆಂಡಿನವರಿಗೆ ನೆರವಾಗುವುದೇ ಆಗಿತ್ತು. 1530ರಲ್ಲಿ, ಎಂಟನೆಯ ಹೆನ್ರಿಯ ತಂಗಿ ಮೇರಿಗೆ ಗುರುವಾಗಿದ್ದ ಜಾನ್ ಪಾಲ್ಸ್‌ಗ್ರೇವ್ ‘ಲೆಕ್ಲಾರ್ಸಿಸ್ಮಾಂ ದ ಲಾ ಲಾಂಗ್ ಫ್ರಾನ್ಸ್ವಾಜ್’ ಎಂಬ ಬೃಹದ್ಗ್ರಂಥವನ್ನು ಪ್ರಕಟಿಸಿದ. ಶೀರ್ಷಿಕೆ ಫ್ರೆಂಚಿನದಾದರೂ ಒಳಗಿನ ವಿವರಣೆ ಇಂಗ್ಲಿಷಿನಲ್ಲಿರುವ, ಉಚ್ಚಾರಣೆ, ಪದರೂಪ ಮತ್ತು ಶಬ್ದಕೋಶಗಳನ್ನು ಒಟ್ಟಿಗೆ ಅಡಕಮಾಡಿರುವ ಈ ಗ್ರಂಥ ಫ್ರೆಂಚಿನ ಮೊದಲ ವಿಸ್ತೃತ ವ್ಯಾಕರಣ; ಫ್ರಾನ್ಸಿನವನೊಬ್ಬ ತನ್ನ ಭಾಷೆಯ ವ್ಯಾಕರಣವನ್ನು ಲ್ಯಾಟಿನ್ನಿನಲ್ಲಿ ಪ್ರಕಟಿಸಿದ್ದು ಅದರ ಮರುವರ್ಷ, ಲೂಯಿ ಮೆಗ್ರೆ ಅದನ್ನು ಫ್ರೆಂಚಿನಲ್ಲೇ ಬರೆದದ್ದು 1550ರಲ್ಲಿ. ತಮ್ಮ ಮಾತನ್ನು ಉಸಿರಾಟದಂತೆ ಬಳಸುವವರಿಗೆ ಕಾಣದ ನಿಯಮಗಳು, ಅದನ್ನು ಕಷ್ಟಪಟ್ಟು ಕಲಿಯುವವನಿಗೆ ಅಥವಾ ಕಲಿಸುವವನಿಗೆ ಮೊದಲು ಕಾಣುತ್ತವೆ.

ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಪ್ರಾಟೆಸ್ಟಂಟ್ ಪಂಥೀಯರು, ಎಂದರೆ ಹ್ಯೂಗನಾಟರು, ಕ್ಯಾಥೊಲಿಕ್ ಪ್ರಭುತ್ವದ ಕಿರುಕುಳದಿಂದ ಪಾರಾಗಲು ಇಂಗ್ಲೆಂಡಿಗೆ ವಲಸೆ ಬಂದಾಗ ಬೋಧಕರ ಕೊರತೆ ನೀಗಿತು. ಮೂಲೆಂ ಪಟ್ಟಣದ ಕ್ಲೋದ್ ದ ಸೆಂಲಿಯೆಂ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಆವರಣದಲ್ಲಿ ಶಾಲೆ ನಡೆಸಿ, ಕ್ಲಾಡಿಯಸ್ ಹಾಲಿಬ್ಯಾಂಡ್ ಎಂಬ ಇಂಗ್ಲಿಷ್ ಹೆಸರಿನಿಂದ ಖ್ಯಾತನಾದ. 1573ರಿಂದ ಪ್ರಕಟವಾದ ಅವನ ಪಠ್ಯಗಳಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಸಂಭಾಷಣೆಗಳು ಎದುರುಬದುರಾಗಿ ಅಚ್ಚಾಗಿವೆ. ಬರೆದರೂ ಉಚ್ಚರಿಸದ ಅಕ್ಷರಗಳು ಫ್ರೆಂಚಿನಲ್ಲಿ ಹೇರಳವಾಗಿರುವುದರಿಂದ, ಅಂಥ ಪ್ರತಿಯೊಂದು ಅಕ್ಷರದ ಕೆಳಗೂ ಅವನು ಚಿಕ್ಕ ಶಿಲುಬೆಯ ಗುರುತು ಹಾಕಿಸಿದ. ಕಾಗುಣಿತವನ್ನು ಕೆಡಿಸದೆ ನಾಲಗೆಯನ್ನು ತಿದ್ದುವ ಈ ಉಪಾಯದ ಹಿಂದೆ ದಿನವೂ ಮಕ್ಕಳೆದುರು ನಿಂತವನ ಅನುಭವವಿದೆ.

ವಿಶ್ವವಿದ್ಯಾನಿಲಯಗಳು ಮಾತ್ರ ಹಿಂದಿನಂತೆಯೇ ಇದ್ದವು. 1724ರಲ್ಲಿ ದೊರೆ ಮೊದಲನೆಯ ಜಾರ್ಜ್, ರಾಯಭಾರ ಕಾರ್ಯಕ್ಕೆ ಯೋಗ್ಯರಾದ ಯುವಕರನ್ನು ತಯಾರುಮಾಡುವ ಉದ್ದೇಶದಿಂದ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಆಧುನಿಕ ಇತಿಹಾಸದ ಪ್ರಾಧ್ಯಾಪಕ ಪೀಠಗಳನ್ನು ಸ್ಥಾಪಿಸಿ ವರ್ಷಕ್ಕೆ 400 ಪೌಂಡ್ ವೇತನ ಗೊತ್ತುಪಡಿಸಿದ. ಆಧುನಿಕ ಭಾಷೆಗಳನ್ನು ಕಲಿಸುವ ಇಬ್ಬರು ಶಿಕ್ಷಕರಿಗೆ ಪ್ರಾಧ್ಯಾಪಕನು ಆ ಮೊತ್ತದಿಂದಲೇ ಸಂಬಳ ಕೊಡಬೇಕಾಗಿತ್ತು. ಭಾಷಾಶಿಕ್ಷಕನು ಇತಿಹಾಸಕಾರನ ಕೈಕೆಳಗಿನ ನೌಕರನಾದ. ವಾಸ್ತುಶಿಲ್ಪಿ ಸರ್ ರಾಬರ್ಟ್ ಟೇಲರ್ 1788ರಲ್ಲಿ ನಿಧನನಾದಾಗ ಯುರೋಪಿನ ಭಾಷೆಗಳ ಬೋಧನೆಗೆಂದು ಆಕ್ಸ್‌ಫರ್ಡಿಗೆ ಆಸ್ತಿಯನ್ನು ಬಿಟ್ಟುಹೋದರೂ ಟೇಲರ್ ಸಂಸ್ಥೆಯ ಬಾಗಿಲು ತೆರೆದದ್ದು 1845ರಲ್ಲಿ. ಅಲ್ಲಿನ ಆಧುನಿಕ ಯುರೋಪಿಯನ್ ಭಾಷೆಗಳ ಪೀಠವನ್ನು 1854ರಲ್ಲಿ ಅಲಂಕರಿಸಿದವನು ಋಗ್ವೇದದ ಸಂಪಾದಕನಾಗಿ ಭಾರತೀಯರಿಗೆ ಚಿರಪರಿಚಿತನಾದ ಮ್ಯಾಕ್ಸ್ ಮುಲ್ಲರ್. ಕೇಂಬ್ರಿಜ್ ತನ್ನ ಆಧುನಿಕ ಭಾಷೆಗಳ ಪದವಿ ಪರೀಕ್ಷೆಯನ್ನು ಮೊದಲ ಬಾರಿಗೆ ನಡೆಸಿದ್ದು 1886ರಲ್ಲಿ, ಆಕ್ಸ್‌ಫರ್ಡ್ ಅಂಥದೊಂದು ಪದವಿಯನ್ನು ತೆರೆದದ್ದು 1903ರಲ್ಲಿ. ಆ ಹೊತ್ತಿಗೂ ಮನ್ನಣೆ ದೊರೆತದ್ದು ಹಳೆಯ ಪಠ್ಯಗಳ ಭಾಷಾಶಾಸ್ತ್ರೀಯ ಅಧ್ಯಯನಕ್ಕೆ. ಮಾತನಾಡುವ ಸಾಮರ್ಥ್ಯಕ್ಕೆ ಅಲ್ಲ.

ಬೋಧನೆಯ ಇತಿಹಾಸದಲ್ಲಿ ಅತ್ಯಂತ ಅಚ್ಚರಿಯ ಪ್ರಯೋಗವೊಂದು ನಡೆದದ್ದು ಇಂದಿನ ಬೆಲ್ಜಿಯಂನ ಲೂವೆಂ ವಿಶ್ವವಿದ್ಯಾನಿಲಯದಲ್ಲಿ. ದಿಜಾಂ ಪಟ್ಟಣದ ಜೊಸೆಫ್ ಜಾಕೊತೊ ಎಂಬ ವಿದ್ವಾಂಸ, ಫ್ರಾನ್ಸಿನಲ್ಲಿ ಬೂರ್ಬೊಂ ರಾಜವಂಶ ಮರಳಿ ಅಧಿಕಾರಕ್ಕೆ ಬಂದಾಗ ದೇಶಭ್ರಷ್ಟನಾಗಿ, 1818ರಲ್ಲಿ ಅಲ್ಲಿ ಫ್ರೆಂಚ್ ಉಪನ್ಯಾಸಕನಾದ. ಅವನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಫ್ರೆಂಚ್ ಬರುತ್ತಿರಲಿಲ್ಲ, ಅವನಿಗೆ ಅವರ ಫ್ಲೆಮಿಶ್ ಬರುತ್ತಿರಲಿಲ್ಲ. ಫೆನೆಲೊಂ ಬರೆದ, 1699ರಲ್ಲಿ ಅಚ್ಚಾದ ‘ತೆಲೆಮಾಕ್’ ಎಂಬ ಕಥಾಗ್ರಂಥದ ದ್ವಿಭಾಷಾ ಆವೃತ್ತಿಯೊಂದು ಆಗಷ್ಟೇ ಬ್ರಸೆಲ್ಸಿನಲ್ಲಿ ಪ್ರಕಟವಾಗಿತ್ತು. ಅದನ್ನು ವಿದ್ಯಾರ್ಥಿಗಳ ಕೈಗಿತ್ತು, ಅನುವಾದದ ಸಹಾಯದಿಂದ ಫ್ರೆಂಚ್ ಪಾಠವನ್ನು ತಾವೇ ಕಲಿಯುವಂತೆ, ಕಲಿತದ್ದನ್ನು ಮತ್ತೆ ಮತ್ತೆ ಒಪ್ಪಿಸುವಂತೆ, ಕೊನೆಗೆ ಓದಿದ್ದರ ಬಗ್ಗೆ ತಮ್ಮ ಅಭಿಪ್ರಾಯವನ್ನು ಫ್ರೆಂಚಿನಲ್ಲೇ ಬರೆಯುವಂತೆ ಜಾಕೊತೊ ದುಭಾಷಿಯ ಮೂಲಕ ತಿಳಿಸಿದ. ವ್ಯಾಕರಣದ ಒಂದು ಸೂತ್ರವನ್ನೂ ಕೇಳದ ವಿದ್ಯಾರ್ಥಿಗಳ ಬರವಣಿಗೆ ಅವನ ನಿರೀಕ್ಷೆಯನ್ನು ಮೀರಿಸಿತ್ತು. ಎಲ್ಲ ಮನುಷ್ಯರ ಬುದ್ಧಿಯೂ ಸಮಾನ, ಗುರುವು ತಾನು ಅರಿಯದುದನ್ನೂ ಕಲಿಸಬಲ್ಲ ಎಂಬ ತತ್ತ್ವಗಳನ್ನು ಅವನು ಇದರಿಂದ ಕಟ್ಟಿದ. 1987ರಲ್ಲಿ ತತ್ತ್ವಜ್ಞಾನಿ ಜಾಕ್ ರಾನ್ಸಿಯೆರ್ ಈ ಪ್ರಸಂಗವನ್ನೇ ಆಧರಿಸಿ ಪುಸ್ತಕ ಬರೆದ ಮೇಲೆ ಜಾಕೊತೊನ ಹೆಸರು ಮತ್ತೆ ಚರ್ಚೆಗೆ ಬಂದಿತು. ಆದರೆ ಆ ಚರ್ಚೆಯಲ್ಲಿ ಸಮಾನತೆಯ ತತ್ತ್ವಕ್ಕೆ ದೊರೆತ ಗಮನ, ಅದು ಹುಟ್ಟಿದ್ದು ಭಾಷೆಯ ಮೊದಲ ತರಗತಿಯಲ್ಲಿ ಎಂಬ ಸಂಗತಿಗೆ ದೊರೆತಿಲ್ಲ. ಗಣಿತದ ತರಗತಿಯಲ್ಲಿ ಇಂಥ ಪ್ರಯೋಗ ಅನಿವಾರ್ಯವಾಗುತ್ತಿರಲಿಲ್ಲ; ಗುರುಶಿಷ್ಯರ ನಡುವೆ ಸಮಾನವಾದ ಒಂದು ಮಾತೂ ಇಲ್ಲದ ಸ್ಥಿತಿ ಭಾಷೆಯ ಮೊದಲ ತರಗತಿಯಲ್ಲಿ ಮಾತ್ರ ಒದಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಉಳಿದ ಬಹುಭಾಗವನ್ನು ಆಳಿದ್ದು ಸೂತ್ರಗಳನ್ನು ಬಾಯಿಪಾಠ ಮಾಡಿಸಿ ಬಿಡಿವಾಕ್ಯಗಳನ್ನು ಅನುವಾದಿಸುವ ಕ್ರಮ. ಅದರ ವಿರುದ್ಧ ಎದ್ದ ಶಿಕ್ಷಕರಲ್ಲಿ ಪೋಲ್ ಪಾಸಿ ಪ್ರಮುಖ. 1886ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಕಟ್ಟಿದ ಭಾಷಾಶಿಕ್ಷಕರ ಪುಟ್ಟ ಸಂಘವೇ ಮುಂದೆ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘವಾಗಿ ಬೆಳೆಯಿತು. ಇಂದು ನಿಘಂಟುಗಳಲ್ಲಿ ಕಾಣುವ, ಯಾವ ಭಾಷೆಯ ಉಚ್ಚಾರಣೆಯನ್ನಾದರೂ ದಾಖಲಿಸಬಲ್ಲ ಧ್ವನಿಲಿಪಿ ಆ ಸಂಘದ ಕೊಡುಗೆ. ಫ್ರಾನ್ಸಿನ ವಿಶ್ವವಿದ್ಯಾನಿಲಯಗಳೂ ಈ ಅವಧಿಯಲ್ಲಿ ಪರದೇಶದ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದವು: ಗ್ರೆನೊಬ್ಲ್‌ನಲ್ಲಿ 1896ರಲ್ಲಿ ಅವರಿಗಾಗಿ ಸಮಿತಿಯೊಂದು ರಚನೆಯಾಯಿತು, ಸೊರ್ಬಾನ್‌ನಲ್ಲಿ 1919ರಲ್ಲಿ ಫ್ರೆಂಚ್ ನಾಗರಿಕತೆಯ ತರಗತಿಗಳು ಆರಂಭವಾದವು.

ಎರಡನೆಯ ಮಹಾಯುದ್ಧದ ಅನಂತರ ಪ್ಯಾರಿಸ್ಸಿನ ಬಳಿಯ ಸೆಂ-ಕ್ಲೂ ಶಿಕ್ಷಣ ಸಂಸ್ಥೆಯಲ್ಲಿ ಜಾರ್ಜ್ ಗೂಗೆನೈಮ್ ಮತ್ತು ಅವನ ಸಹೋದ್ಯೋಗಿಗಳು, ಆರಂಭಿಕ ವಿದ್ಯಾರ್ಥಿಗೆ ಯಾವ ಪದಗಳನ್ನು ಮೊದಲು ಕಲಿಸಬೇಕೆಂಬ ಪ್ರಶ್ನೆಯನ್ನು ವೈಜ್ಞಾನಿಕವಾಗಿ ಕೈಗೆತ್ತಿಕೊಂಡರು. ಗ್ರಂಥಗಳಿಂದ ಪದ ಎಣಿಸುವ ಹಳೆಯ ರೂಢಿಯನ್ನು ಬಿಟ್ಟು, 275 ಜನರ ಮಾತುಕತೆಗಳನ್ನು ಟೇಪಿನಲ್ಲಿ ಧ್ವನಿಮುದ್ರಿಸಿ, 3,12,135 ಪದಪ್ರಯೋಗಗಳನ್ನು ಬಿಡಿಸಿ ನೋಡಿದಾಗ ಅವುಗಳಲ್ಲಿ ಬೇರೆ ಬೇರೆ ಪದಗಳು 7,995 ಮಾತ್ರ ಎಂದು ತಿಳಿದುಬಂದಿತು. ಆಗ ಅನಿರೀಕ್ಷಿತವಾದ ತೊಡಕೊಂದು ಎದುರಾಯಿತು: ಫ್ರಾನ್ಸಿನ ಪ್ರತಿ ಮನೆಯಲ್ಲೂ ದಿನನಿತ್ಯ ಬಳಕೆಯಾಗುವ ಫೋರ್ಕಿನಂಥ ವಸ್ತುಗಳ ಹೆಸರುಗಳು ಸಹಜ ಮಾತಿನಲ್ಲಿ ತೀರ ಅಪರೂಪವಾಗಿದ್ದವು. ಕಣ್ಣೆದುರಿನ ವಸ್ತುವಿನ ಹೆಸರು ಹೇಳುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಅಗತ್ಯ ಬಿದ್ದಾಗ ಮಾತ್ರ ಆ ಪದ ತಟ್ಟನೆ ನಾಲಗೆಗೆ ಬರುತ್ತದೆ. ಹೀಗೆ ಸಿದ್ಧವಾಗಿ ಕಾದಿರುವ ಪದಗಳನ್ನು ಪತ್ತೆಹಚ್ಚಲು ಅವರು ಅಡುಗೆಮನೆ, ಉಡುಪು, ಹಳ್ಳಿ ಮುಂತಾದ ವಿಷಯಗಳನ್ನು ಕೊಟ್ಟು ಶಾಲಾಮಕ್ಕಳಿಂದ ಪದಪಟ್ಟಿಗಳನ್ನು ಬರೆಯಿಸಿಕೊಂಡರು. ಎರಡೂ ಮೂಲಗಳಿಂದ ಆಯ್ದ ಸುಮಾರು 1,500 ಪದಗಳ ‘ಮೂಲಭೂತ ಫ್ರೆಂಚ್’ 1954ರಲ್ಲಿ ಹೊರಬಂದಾಗ, ಭಾಷೆಯನ್ನು ಬಡವಾಗಿಸುವ ಯೋಜನೆಯೆಂದು ಕೆಲವು ವಿದ್ವಾಂಸರು ಕಟುವಾಗಿ ಟೀಕಿಸಿದರು. ಭಾಷೆಯ ಪೂರ್ಣ ಸಂಪತ್ತನ್ನೂ ಮೊದಲ ಪಾಠದ ಮೆಟ್ಟಿಲನ್ನೂ ಒಂದೇ ಎಂದು ಎಣಿಸಿದ ಆ ಟೀಕೆ ನ್ಯಾಯವಾದದ್ದಲ್ಲ. ಆಡುಮಾತನ್ನು ಹಾಗೆಯೇ ಸಂಗ್ರಹಿಸಿ ಎಣಿಸುವ ವಿಧಾನ ಇಂದಿನ ಭಾಷಾವಿಜ್ಞಾನದ ಆಧಾರಗಳಲ್ಲಿ ಒಂದಾಗಿದೆ.

ಇನ್ನು ನಮ್ಮ ನಾಡಿನ ಮಾತಿಗೆ ಬಂದರೆ, ಕರ್ನಾಟಕದಲ್ಲಿ ಫ್ರೆಂಚ್ ಪಾದ್ರಿಗಳ ಶೈಕ್ಷಣಿಕ ಕಾರ್ಯಕ್ಕೆ ದೀರ್ಘ ಇತಿಹಾಸವಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜನ್ನು 1882ರಲ್ಲಿ ಸ್ಥಾಪಿಸಿದವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದವರು. ಇಂದು ರಾಜ್ಯದ ಪದವಿಪೂರ್ವ ಮತ್ತು ಪದವಿ ತರಗತಿಗಳಲ್ಲಿ ಫ್ರೆಂಚನ್ನು ಭಾಷಾವಿಷಯವಾಗಿ ಆರಿಸಿಕೊಳ್ಳುವ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನು ಮೊದಲ ಬಾರಿಗೆ ಕಲಿಯುವವರು. ಬೆಂಗಳೂರಿನ ವಸಂತನಗರದಲ್ಲಿರುವ ಫ್ರೆಂಚ್ ಭಾಷಾಕೇಂದ್ರವಾದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಸಂಜೆಯ ತರಗತಿಗಳಿಗೆ ಬರುವವರು ಬೇರೆ. ಈ ಪಾಠ ಹೆಚ್ಚಾಗಿ ಇಂಗ್ಲಿಷಿನ ಮೂಲಕ ಸಾಗುತ್ತದೆ, ಆದರೆ ಕನ್ನಡ ಬಲ್ಲವನ ಕಷ್ಟಸುಖಗಳು ಇಂಗ್ಲಿಷ್ ಬಲ್ಲವನ ಕಷ್ಟಸುಖಗಳಲ್ಲ. ಹಿರಿಯರಿಗೆ ‘ವೂ’, ಆಪ್ತರಿಗೆ ‘ತ್ಯು’ ಎಂಬ ಭೇದವನ್ನು ಇಂಗ್ಲಿಷ್ ವಿದ್ಯಾರ್ಥಿಗೆ ಪುಟಗಟ್ಟಲೆ ವಿವರಿಸಬೇಕು. ‘ನೀವು’, ‘ನೀನು’ಗಳ ನಡುವೆ ಬೆಳೆದವನಿಗೆ ಒಂದು ವಾಕ್ಯ ಸಾಕು. ಕ್ರಿಯಾಪದವು ಕರ್ತೃವಿಗೆ ತಕ್ಕಂತೆ ರೂಪ ಬದಲಿಸುವುದೂ ಅವನಿಗೆ ಹೊಸದಲ್ಲ. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡಿಗನ ತೊಡಕು ಬೇರೆ ಬಗೆಯದು: ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದರಿಂದ ಮೇಜು, ಪುಸ್ತಕಗಳೆಲ್ಲ ನಪುಂಸಕಲಿಂಗದಲ್ಲೇ ನಿಲ್ಲುತ್ತವೆ, ಫ್ರೆಂಚಿನಲ್ಲಿ ನಪುಂಸಕಲಿಂಗವೇ ಇಲ್ಲದೆ ಮೇಜು ಸ್ತ್ರೀಲಿಂಗವಾಗಿ, ಪುಸ್ತಕ ಪುಲ್ಲಿಂಗವಾಗಿ ಬರುತ್ತವೆ. ಈ ಸಾಮ್ಯ ಮತ್ತು ವ್ಯತ್ಯಾಸಗಳನ್ನೇ ಆಧಾರವಾಗಿಟ್ಟುಕೊಂಡು, ಪಾಲ್ಸ್‌ಗ್ರೇವ್ ತನ್ನ ನಾಡಿನ ಕಲಿಯುವವರಿಗಾಗಿ ತನ್ನ ನುಡಿಯಲ್ಲೇ ಫ್ರೆಂಚನ್ನು ವಿವರಿಸಿದಂತೆ, ಕನ್ನಡದಲ್ಲೇ ವಿವರಿಸುವ ಪಠ್ಯ ಇಲ್ಲಿನ ವಿಶ್ವವಿದ್ಯಾನಿಲಯಗಳ ಮೊದಲ ವರ್ಷದ ತರಗತಿಗೆ ದೊರೆಯಬೇಕು.